5.1 ಹೋಮ್ ಥಿಯೇಟರ್‌ನಲ್ಲಿ ಸಬ್‌ವೂಫರ್ ಒಂದನ್ನೇ ಬದಲಾಯಿಸಿದರೆ ಬೇಸ್ ಸುಧಾರಿಸುತ್ತದಾ?

ನೀವು ಕೇಳಿರುವುದು ಇಷ್ಟು. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಒಂದೇ ಬಾಕ್ಸಿನಲ್ಲಿ ಬಂದ ಹಳೇ 5.1 ಸೆಟ್ (ಐದು ಸ್ಪೀಕರ್, ಬೇಸ್‌ಗೆಂದೇ ಒಂದು ಸಬ್‌ವೂಫರ್) ಇದೆ. ಅದರ 8 ಇಂಚಿನ ಸಬ್‌ವೂಫರ್ ಗುಮ್ ಗುಮ್ ಅನ್ನುತ್ತದೆಯೇ ಹೊರತು, ಥಿಯೇಟರಿನಲ್ಲಿ ಎದೆಗೆ ಬಡಿಯುವ ಹಾಗೆ ಬಡಿಯುವುದಿಲ್ಲ. ಅಂಗಡಿಯವರು 12 ಇಂಚಿನದು ಹಾಕಿಸಿ ಅಂತಿದ್ದಾರೆ. ಹಾಕಿಸಬಹುದಾ?

ಹಾಕಿಸಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ಎರಡು ಕೆಲಸ ಮಾಡಿ. ಸೆಟ್ಟಿನ ಹಿಂಬದಿ ನೋಡಿ. ಆಮೇಲೆ ಸೋಫಾ ಸರಿಸಿ.

ಹಿಂಬದಿ ಯಾಕೆ ಅಂದರೆ, ಹೀಗೆ ಒಟ್ಟಿಗೆ ಬರುವ ಸೆಟ್‌ಗಳಲ್ಲಿ ಎಷ್ಟೋ ಸಬ್‌ವೂಫರ್‌ಗಳಿಗೆ ತಮ್ಮದೇ ಆದ ಆಂಪ್ಲಿಫೈಯರ್ ಇರುವುದಿಲ್ಲ. ಕರೆಂಟಿನ ಪ್ಲಗ್ ಇರುವುದಿಲ್ಲ, ಮುಖ್ಯ ಯೂನಿಟ್ಟಿನಿಂದ ಎರಡೆಳೆಯ ಸ್ಪೀಕರ್ ವೈರು ಮಾತ್ರ ಬಂದಿರುತ್ತದೆ. ಇದು ಪ್ಯಾಸಿವ್ ಸಬ್. ಹೊರಗೆ ಬಿಡಿಯಾಗಿ ಸಿಗುವ ಒಳ್ಳೆಯ ಸಬ್‌ಗಳೆಲ್ಲ ಹೆಚ್ಚುಕಡಿಮೆ ಆಕ್ಟಿವ್. ಅವುಗಳ ಹೊಟ್ಟೆಯೊಳಗೇ ಆಂಪ್ ಇರುತ್ತದೆ. ಅವಕ್ಕೆ ರಿಸೀವರಿನಿಂದ, ಅಂದರೆ ಮುಖ್ಯ ಯೂನಿಟ್ಟಿನಿಂದ, ಒಂದು ಆರ್‌ಸಿಎ ಕೇಬಲ್ ಬಂದರೆ ಸಾಕು. ನಿಮ್ಮ ಯೂನಿಟ್ಟಿನ ಹಿಂದೆ 'ಸಬ್‌ವೂಫರ್ ಪ್ರೀ ಔಟ್' ಅಂತ ಬರೆದ ದುಂಡನೆಯ ಪಿನ್ ಇದ್ದರೆ ನಿಮ್ಮ ಅದೃಷ್ಟ, ನೇರ ಹೊಸ ಸಬ್ ತಂದು ಚುಚ್ಚಬಹುದು. ಇಲ್ಲದಿದ್ದರೆ, ಸ್ಪೀಕರ್ ವೈರನ್ನೇ ಒಳಗೆ ತೆಗೆದುಕೊಳ್ಳುವ 'ಹೈ ಲೆವೆಲ್ ಇನ್‌ಪುಟ್' ಇರುವ ಸಬ್ ಹುಡುಕಬೇಕು. ಆ ದಾರಿ ಹಿಡಿದರೂ ನಿಮ್ಮ ಯೂನಿಟ್ಟಿಗೆ ಅದು ಹೊಂದುತ್ತದಾ ಅಂತ ಸಬ್ ತಯಾರಿಸಿದವರನ್ನೇ ಕೇಳಿ. ಕೆಲವು ಡಿಜಿಟಲ್ ಆಂಪ್‌ಗಳಲ್ಲಿ ಮೈನಸ್ ವೈರು ಗ್ರೌಂಡಿಗೆ ತಾಗಿದರೆ ಆಂಪ್ ಸುಟ್ಟು ಹೋಗುವ ಅಪಾಯ ಇದೆ.

ಅಂಗಡಿಯವರು ಹೇಳಿದ್ದು ಹೊಸ ಸಬ್ ತಗೊಳ್ಳಿ ಅಂತಲೋ, ಇದೇ ರೀತಿಯ ಡಬ್ಬಕ್ಕೆ 12 ಇಂಚಿನ ಕಾರ್ ವೂಫರ್ ಕೂರಿಸಿಕೊಡ್ತೀವಿ ಅಂತಲೋ? ಎರಡನೆಯದಾದರೆ ಬೇಡ ಅನ್ನಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬಿಡಿ ವೂಫರ್ ಎಷ್ಟು ಬೇಕಾದರೂ ಸಿಗುತ್ತದೆ, ಆಸೆಯೂ ಆಗುತ್ತದೆ. ಆದರೆ ಪ್ರತಿ ವೂಫರಿಗೂ ಇಂತಿಷ್ಟು ಲೀಟರ್ ಗಾಳಿ ಹಿಡಿಯುವ ಡಬ್ಬ, ಇಂತಿಷ್ಟು ಅಳತೆಯ ಪೋರ್ಟ್ (ಗಾಳಿ ಆಡುವ ಕೊಳವೆ) ಅಂತ ಲೆಕ್ಕ ಇದೆ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅನ್ನುವ ಇಬ್ಬರು ಆಸ್ಟ್ರೇಲಿಯಾದಲ್ಲಿ ಕೂತು 1960 ಮತ್ತು 70ರ ದಶಕಗಳಲ್ಲೇ ಇದನ್ನು ಹಾಕಿಕೊಟ್ಟಿದ್ದಾರೆ. ಇವತ್ತಿಗೂ ವೂಫರ್ ಮಾರುವವರು ಅದೇ 'ಥೀಲ್-ಸ್ಮಾಲ್' ಅಂಕಿಗಳನ್ನು ಕೊಡುತ್ತಾರೆ. ಲೆಕ್ಕ ಬಿಟ್ಟು ಕೂರಿಸಿದರೆ ಗುಮ್ ಗುಮ್ ಇನ್ನೂ ಜಾಸ್ತಿ ಆಗುತ್ತದೆ ಅಷ್ಟೇ. ವೂಫರಿನ ಓಮ್ (ವಿದ್ಯುತ್ ತಡೆ) ಹೊಂದದೆ ಆಂಪ್ ಬಿಸಿಯಾಗುವುದು ಬೇರೆ.

ಈಗ ಸೋಫಾ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ದೊಡ್ಡದು, ಇದನ್ನೇ ಯಾರೂ ಹೇಳುವುದಿಲ್ಲ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 35 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 35 ಸಲ ಕಂಪಿಸುವ, ಒಂದು ಅಲೆ ಹತ್ತಿರ ಹತ್ತಿರ 10 ಮೀಟರ್ ಉದ್ದ. ನಿಮ್ಮ ಹಾಲಿನ 16 ಅಡಿ ಅಂದರೆ 4.9 ಮೀಟರ್, ಅಂದರೆ ಆ ಅಲೆಯ ಸರಿಯಾಗಿ ಅರ್ಧ. ಹೀಗಾದಾಗ ಅಲೆ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಆ ಸ್ವರ ಭಾರಿ ಜೋರು, ಹಾಲಿನ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. 12 ಅಡಿ ಅಗಲಕ್ಕೆ ಇದೇ ಆಟ 47 ಹರ್ಟ್ಸ್ ಹತ್ತಿರ ನಡೆಯುತ್ತದೆ. ಸಿನಿಮಾದ ಸ್ಫೋಟ, ಗುಡುಗು, ಲಾರಿಯ ಇಂಜಿನ್ ಎಲ್ಲ ಇರುವುದು ಇದೇ ಜಾಗದಲ್ಲಿ. ನಿಮ್ಮ ಸೋಫಾ ಟಿವಿಯಿಂದ 8 ಅಡಿ ದೂರದಲ್ಲಿ, ಹಾಲಿನ ಮಧ್ಯಕ್ಕೆ ಇದ್ದರೆ, ಬೇಸ್ ಇಲ್ಲದ ಜಾಗವನ್ನೇ ಹುಡುಕಿಕೊಂಡು ಹೋಗಿ ಕೂತ ಹಾಗೆ. ಅಲ್ಲಿ 12 ಇಂಚಿನದು ತಂದಿಟ್ಟರೂ ಅಷ್ಟೇ, 15 ಇಂಚಿನದು ಇಟ್ಟರೂ ಅಷ್ಟೇ.

ಪರೀಕ್ಷೆ ಸುಲಭ. ಬೇಸ್ ಚೆನ್ನಾಗಿರುವ ಒಂದು ದೃಶ್ಯ ಹಾಕಿ, ಕೂತ ಜಾಗದಿಂದ ಎದ್ದು ಹಿಂದಿನ ಗೋಡೆ ಕಡೆಗೆ ನಿಧಾನ ನಡೆಯಿರಿ. ಎರಡು ಹೆಜ್ಜೆಗೇ ವ್ಯತ್ಯಾಸ ಕಿವಿಗೆ ಬೀಳುತ್ತದೆ. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಸೋಫಾವನ್ನು ಒಂದೂವರೆ ಅಡಿ ಹಿಂದಕ್ಕೆ ಎಳೆದೆವು. ಸಬ್ ಮುಟ್ಟಲೇ ಇಲ್ಲ. 'ಇದೇ ಸಬ್ಬಾ?' ಅಂತ ಅವರ ಅಮ್ಮ ಅಡುಗೆಮನೆಯಿಂದ ಬಂದು ಕೇಳಿದರು. ಮಾರನೇ ದಿನ ಟೀಪಾಯಿ ಇಡಲು ಜಾಗ ಸಾಲುತ್ತಿಲ್ಲ ಅಂತ ಸೋಫಾ ವಾಪಸ್ ಮುಂದಕ್ಕೆ ಬಂತು, ಅದು ಬೇರೆ ಕಥೆ.

ಸೋಫಾ ಸರಿಸಲು ಆಗುವುದೇ ಇಲ್ಲ ಅಂದರೆ ಸಬ್ ಸರಿಸಿ. ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲೇ, ಸೋಫಾದ ಮೇಲೆ ಇಡಿ. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಹಾಕಿ. ನೀವು ಗೋಡೆ ಪಕ್ಕ ಮಂಡಿಯೂರಿ, ಕಿವಿಯನ್ನು ನೆಲದ ಹತ್ತಿರ ಇಟ್ಟುಕೊಂಡು ಅಂಬೆಗಾಲಿಡಿ. ಮನೆಯವರು ನಗಲಿ. ಯಾವ ಜಾಗದಲ್ಲಿ ಎಲ್ಲ ಸ್ವರವೂ ಒಂದೇ ಸಮ ಕೇಳುತ್ತದೋ ಸಬ್ಬನ್ನು ಅಲ್ಲಿಡಿ. ಜೋರಾಗಿ ಕೇಳುವ ಜಾಗ ಹುಡುಕಬೇಡಿ. ಮೂಲೆಯಲ್ಲಿ ಯಾವಾಗಲೂ ಜೋರೇ, ಅದಕ್ಕೇ ಅಲ್ಲಿ ಗುಮ್ ಗುಮ್ ಕೂಡ.

ಇನ್ನೊಂದು ಮಾತು. ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳಿಂದ ಬಂದವು. ಅಲ್ಲಿ ಮರದ ಚೌಕಟ್ಟು, ಜಿಪ್ಸಂ ಗೋಡೆ. ಬೇಸ್ ಸ್ವಲ್ಪ ಸೋರಿಹೋಗುತ್ತದೆ, ಮರದ ನೆಲವಾದರೆ ಅದುರಿ ಸೋಫಾಗೂ ತಲುಪುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಆರ್‌ಸಿಸಿ ನೆಲ, ಮೇಲೆ ಗ್ರಾನೈಟೋ ಟೈಲ್ಸೋ. ನೆಲ ಅದುರುವುದಿಲ್ಲ, ಗೋಡೆ ಬೇಸನ್ನು ಹಾಗೇ ವಾಪಸ್ ಎಸೆಯುತ್ತದೆ. ಹಾಗಾಗಿ ನಮ್ಮ ಹಾಲ್‌ಗಳಲ್ಲಿ ಒಂದೆರಡು ಸ್ವರ ಮಾತ್ರ ಎದ್ದು ಕೂಗುವುದು ಜಾಸ್ತಿ. ಸಬ್ ಕೆಳಗೆ ಇಡುವ ದುಬಾರಿ ಫೋಮ್ ಹಲಗೆಗೆ ನಮ್ಮ ಕಾಂಕ್ರೀಟ್ ನೆಲದ ಮೇಲೆ ಹೆಚ್ಚು ಕೆಲಸ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸಾಲದು ಅನ್ನಿಸಿದರೆ, ಆಗ ಹೊಸ ಸಬ್. ಅದನ್ನು ಸದ್ದಿಗೋಸ್ಕರ ಕೊಳ್ಳಬೇಡಿ, ಆಳಕ್ಕೋಸ್ಕರ ಕೊಳ್ಳಿ. ಅಷ್ಟೇ ಡೆಸಿಬೆಲ್‌ನಲ್ಲಿ 40 ಹರ್ಟ್ಸ್ ಬದಲು 20 ಹರ್ಟ್ಸ್ ಹೊರಡಿಸಬೇಕಾದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 8 ಇಂಚಿನ ಕೋನ್‌ಗಿಂತ 12 ಇಂಚಿನದರ ಹರವು ಎರಡೂಕಾಲು ಪಟ್ಟು, ಅದು ಹಿಂದೆ ಮುಂದೆ ಆಡುವ ದೂರವೂ ಸಾಮಾನ್ಯವಾಗಿ ಜಾಸ್ತಿ. ಆದ್ದರಿಂದ 12 ಇಂಚು ಅನ್ನುವುದರಲ್ಲಿ ಅರ್ಥ ಇದೆ. ವಾಟ್ ನೋಡಿ ಮರುಳಾಗಬೇಡಿ. ವಾಟ್ ಎರಡು ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಬಾಕ್ಸಿನ ಮೇಲೆ 'ಪಿಎಂಪಿಒ' ಅಂತ ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಅದನ್ನು ಓದಲೇಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವಾಟ್, ಎಷ್ಟು ಅಂತ ಕೇಳಿ. ಹಾಗೆಯೇ '20 ಹರ್ಟ್ಸ್‌ವರೆಗೆ' ಅಂತ ಸುಮ್ನೆ ಬರೆದಿದ್ದರೆ ಸಾಲದು, ಪಕ್ಕದಲ್ಲಿ ಪ್ಲಸ್ ಮೈನಸ್ 3 ಡೆಸಿಬೆಲ್ ಅಂತ ಇರಬೇಕು, ಅಂದರೆ ಅಲ್ಲಿಯವರೆಗೂ ಸದ್ದಿನ ಏರಿಳಿತ ಅಷ್ಟರೊಳಗೇ.

ಮುಚ್ಚಿದ ಡಬ್ಬವೋ, ಪೋರ್ಟ್ ಇರುವುದೋ? ಸಿನಿಮಾನೇ ಮುಖ್ಯ, ಜಾಗ ಇದೆ ಅಂದರೆ ಪೋರ್ಟ್ ಇರುವುದು. ಕೆಳಗಿನ ಸ್ವರಗಳಲ್ಲಿ ಅದಕ್ಕೆ ಬಲ ಜಾಸ್ತಿ. ಆದರೆ ತನ್ನ ಮಿತಿ ದಾಟಿದ ಮೇಲೆ ಅದು ಆಕ್ಟೇವಿಗೆ (ಹರ್ಟ್ಸ್ ಅರ್ಧವಾದಂತೆಲ್ಲ) 24 ಡೆಸಿಬೆಲ್‌ನಂತೆ ಧೊಪ್ಪಂತ ಬೀಳುತ್ತದೆ. ಮುಚ್ಚಿದ್ದು 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ, ಡಬ್ಬವೂ ಚಿಕ್ಕದು. ಉದಾಹರಣೆಗೆ ಎಸ್‌ವಿಎಸ್ ಕಂಪನಿಯ ಎಸ್‌ಬಿ-1000 ಪ್ರೊ, ಪಿಬಿ-1000 ಪ್ರೊ ಎರಡರಲ್ಲೂ 12 ಇಂಚಿನ ಕೋನ್, 325 ವಾಟ್ ಆರ್‌ಎಂಎಸ್. ಮುಚ್ಚಿದ್ದು 20 ಹರ್ಟ್ಸ್‌ವರೆಗೆ, ಪೋರ್ಟಿನದು 17ರವರೆಗೆ ಇಳಿಯುತ್ತದೆ. ನಿಮ್ಮ ಹಾಲ್ ಚಿಕ್ಕದು, ಹಾಗಾಗಿ ನಾನಾದರೆ ಮುಚ್ಚಿದ್ದನ್ನೇ ತರುತ್ತಿದ್ದೆ. ಉಳಿದ ದುಡ್ಡು ಕೂಡಿಟ್ಟು ಮುಂದೆ ಅದೇ ಮಾಡೆಲ್ಲಿನ ಇನ್ನೊಂದು ತರುತ್ತಿದ್ದೆ. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್ ಇಟ್ಟರೆ ಕೂರುವ ಜಾಗಗಳಲ್ಲೆಲ್ಲ ಬೇಸ್ ಹೆಚ್ಚುಕಡಿಮೆ ಸಮನಾಗುತ್ತದೆ ಅಂತ ಹರ್ಮನ್ ಎಂಬ ಆಡಿಯೋ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ತೋರಿಸಿದ್ದಾರೆ. ಹಳೇ 8 ಇಂಚಿನದನ್ನು ಎರಡನೆಯದಾಗಿ ಸೇರಿಸಲು ಹೋಗಬೇಡಿ, ಅದು ಹೊಸದನ್ನೂ ಕೆಡಿಸುತ್ತದೆ.

ತಂದ ಮೇಲೆ ಸೆಟ್ಟಿಂಗ್. ರಿಸೀವರಿನಲ್ಲಿ ಸ್ಪೀಕರ್‌ಗಳನ್ನೆಲ್ಲ 'ಸ್ಮಾಲ್' ಮಾಡಿ, ಆಗ ಅವುಗಳ ಬೇಸ್ ಸಬ್ಬಿಗೆ ಹೋಗುತ್ತದೆ. ಕ್ರಾಸೋವರ್, ಅಂದರೆ ಸ್ಪೀಕರ್ ಬಿಟ್ಟು ಸಬ್ ಶುರುವಾಗುವ ಗಡಿ, 80 ಹರ್ಟ್ಸ್ ಇರಲಿ, ನಿಮ್ಮ ಸ್ಪೀಕರ್ ಅಂಗೈಯಷ್ಟು ಚಿಕ್ಕದಾದರೆ 120 ಅಥವಾ 150. ಸಬ್ಬಿನ ಹಿಂದಿರುವ ಕ್ರಾಸೋವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಇಲ್ಲದಿದ್ದರೆ ರಿಸೀವರ್ ಒಂದು ಸಲ, ಸಬ್ ಒಂದು ಸಲ ಕತ್ತರಿ ಹಾಕುತ್ತವೆ. ವಾಲ್ಯೂಮ್ ಅರ್ಧಕ್ಕಿರಲಿ. ಮೈಕ್ ಇಟ್ಟು ಅಳತೆ ಮಾಡಿಸುವ ಸೌಲಭ್ಯ ಇದ್ದರೆ ಫ್ಯಾನ್, ಫ್ರಿಜ್ ಆಫ್ ಮಾಡಿ, ಮೈಕನ್ನು ಕೈಯಲ್ಲಿ ಹಿಡಿಯದೆ ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಕುಕ್ಕರ್ ಇಟ್ಟಿರುವಾಗ ಶುರುಮಾಡಬೇಡಿ. ಮೂರನೇ ಜಾಗದ ಅಳತೆ ನಡೆಯುವಾಗಲೇ ಸೀಟಿ ಹೊಡೆಯುತ್ತದೆ, ಮತ್ತೆ ಮೊದಲಿನಿಂದ. ಅಳತೆ ಮುಗಿದ ಮೇಲೆ ಸಬ್ 10 ಅಡಿ ದೂರದಲ್ಲಿದ್ದರೂ 15 ಅಡಿ ಅಂತ ತೋರಿಸಿದರೆ ಗಾಬರಿ ಬೇಡ. ಸಬ್ಬಿನ ಒಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಅದು ದೂರವೆಂದೇ ಲೆಕ್ಕ ಹಾಕುತ್ತದೆ, ಹಾಗೇ ಬಿಡಿ.

ಸುಮ್ಮನಿದ್ದಾಗಲೂ ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಸಿಗುತ್ತಾನೆ. ರಿಸೀವರ್, ಸಬ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಯಾರೋ ಹೇಳಿದರು ಅಂತ ಅರ್ತ್ ಪಿನ್ ಮಾತ್ರ ಕಿತ್ತುಹಾಕಬೇಡಿ, ಪ್ರಾಣಕ್ಕೆ ಕುತ್ತು.

ಅಪಾರ್ಟ್‌ಮೆಂಟ್ ಆದರೆ ರಾತ್ರಿ ಹತ್ತರ ಮೇಲೆ ರಿಸೀವರಿನ ನೈಟ್ ಮೋಡ್ (ಜೋರು ಸದ್ದನ್ನು ತಗ್ಗಿಸುವ ಸೆಟ್ಟಿಂಗ್) ಹಾಕಿ. ನಿಮಗೆ ಮೆಲ್ಲಗೆ ಕೇಳುವ ಬೇಸ್ ಕೆಳಗಿನ ಮನೆಯ ಮಂಚಕ್ಕೆ ಸಲೀಸಾಗಿ ತಲುಪುತ್ತದೆ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಅದು 120 ವೋಲ್ಟಿನದಾ ಅಂತ ಮೊದಲು ನೋಡಿ. 230ಕ್ಕೆ ಹಾಕಿದರೆ ಒಂದೇ ಏಟಿಗೆ ಹೊಗೆ. ವಾರಂಟಿಯೂ ಇಲ್ಲಿ ನಡೆಯುವುದು ಕಷ್ಟ.

ಮುಖ್ಯ ಯೂನಿಟ್ಟಿನ ಹಿಂಬದಿಯ ಫೋಟೋ ಒಂದು ಹಾಕಿ. ಪ್ರೀ ಔಟ್ ಇದೆಯಾ ನೋಡಿ ಹೇಳುತ್ತೇನೆ. ಸೋಫಾ ಎಲ್ಲಿದೆ ಅಂತಲೂ ಬರೆಯಿರಿ.