ಹೊಳೆಯ ದಂಡೆಯಲ್ಲಿ ಎರಡು ದಿನ ಸುಮ್ಮನೆ ಕೂರಲು ಎಲ್ಲಿಗೆ ಹೋಗಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ ಮನೆ, ಜೊತೆಗೆ ಎಪ್ಪತ್ತು ದಾಟಿದ ತಾಯಿ, ಕೈಯಲ್ಲಿ ಎರಡು ದಿನದ ಬಿಡುವು. ಹೊಳೆ ಇರಬೇಕು, ಊರು ಹಳೆಯದಾಗಿರಬೇಕು, ಹತ್ತಿರದಲ್ಲಿ ಕಾಡು ಇರಬೇಕು, ರೆಸಾರ್ಟ್ ಬೇಡ. ಜನ ಆಗಲೇ ದಾಂಡೇಲಿ, ಜೋಗ, ಹಂಪಿ ಎಂದು ಉತ್ತರಿಸಿದ್ದಾರೆ. ಮಂಡಿನೋವಿರುವ ತಾಯಿಯವರನ್ನು ಹಂಪಿಯ ಬಿಸಿಲಲ್ಲಿ ನಡೆಸಿಕೊಂಡು ಹೋಗಿ ಎನ್ನುವವರಿಗೆ ಏನು ಹೇಳಲಿ?

ನನ್ನ ಉತ್ತರ ಹಾವೇರಿ ಜಿಲ್ಲೆಯ ಪೂರ್ವದ ಅಂಚು. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ, ಅಲ್ಲಿಂದ ಹೊಳೆಯ ಜಾಡಿನಲ್ಲೇ ಕೆಳಕ್ಕೆ ಬಂದರೆ ಗಳಗನಾಥ, ಮರಳುವಾಗ ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡು. ನಾನು ಹುಬ್ಬಳ್ಳಿಯಲ್ಲಿ ಅಂಗಡಿಗಳ ಲೆಕ್ಕ ಬರೆದು ಬದುಕುವವನು. ವರ್ಷಕ್ಕೊಮ್ಮೆ, ಜನವರಿ ತಿಂಗಳಲ್ಲಿ, ಈ ದಂಡೆಗೆ ಹೋಗದಿದ್ದರೆ ಮಾರ್ಚ್ ತಿಂಗಳ ಲೆಕ್ಕ ನನ್ನಿಂದ ಆಗುವುದಿಲ್ಲ.

ಮೊದಲೇ ಒಂದು ಮಾತು. ಊರಿನಲ್ಲಿ ತಂಗುವ ಏರ್ಪಾಡನ್ನು ಹುಡುಕಬೇಡಿ. ರಾಣೆಬೆನ್ನೂರಿನಲ್ಲಿ ಅಥವಾ ಹಾವೇರಿಯಲ್ಲಿ ಕೋಣೆ ಹಿಡಿದು ಬೆಳಿಗ್ಗೆ ಬೇಗ ಹೊರಡಿ. ಬೇರೊಂದು ಕಡೆ ‘ನದಿ ಕಾಣುವ ಕೋಣೆ’ ಎಂದು ನಂಬಿ ದುಡ್ಡು ಕೊಟ್ಟು, ರಾತ್ರಿ ಹನ್ನೆರಡರವರೆಗೆ ಯಾರದೋ ಹುಟ್ಟುಹಬ್ಬದ ಧ್ವನಿವರ್ಧಕ ಕೇಳಿ ಬಂದ ಮೇಲೆ, ಮಲಗುವ ಜಾಗವೂ ನೋಡುವ ಜಾಗವೂ ಒಂದೇ ಆಗಬೇಕೆಂಬ ಆಸೆಯನ್ನು ನಾನು ಬಿಟ್ಟಿದ್ದೇನೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ಸುಮಾರು 75 ಕಿಲೋಮೀಟರ್. ಹಾವೇರಿಯಿಂದ ಗುತ್ತಲದ ಕಡೆ ತಿರುಗಿದರೆ ಹೊಲಗಳ ನಡುವಿನ ರಸ್ತೆ. ಹಾವೇರಿ, ರಾಣೆಬೆನ್ನೂರು ಎರಡಕ್ಕೂ ರೈಲು ಇದೆ, ಆದರೆ ತಾಯಿಯವರು ಜೊತೆಗಿರುವುದರಿಂದ ಕಾರೇ ಲೇಸು. ಹಳ್ಳಿಯ ಬಸ್ಸುಗಳ ಹೊತ್ತು ಹಳ್ಳಿಯವರಿಗೆ ಮಾತ್ರ ತಿಳಿದಿರುತ್ತದೆ.

ಗುತ್ತಲ ಎಂಬ ಹೆಸರು ಬಂದಿತಲ್ಲ, ಅದರ ಬಗ್ಗೆ ಎರಡು ಮಾತು. ಈಗ ನೋಡಿದರೆ ಸಂತೆ, ಗೊಬ್ಬರದಂಗಡಿ, ಮೆಕ್ಕೆಜೋಳದ ರಾಶಿ. 12, 13ನೇ ಶತಮಾನದಲ್ಲಿ ಇದು ಗುತ್ತವೊಳಲು, ಗುತ್ತರೆಂಬ ಮಾಂಡಲಿಕರ ರಾಜಧಾನಿ. ಕಲ್ಯಾಣ ಚಾಲುಕ್ಯರಿಗೂ ಅನಂತರ ದೇವಗಿರಿಯ ಸೇವುಣರಿಗೂ ನಡೆದುಕೊಂಡ ಈ ಸಣ್ಣ ಅರಸರು ತಮ್ಮ ಶಾಸನಗಳಲ್ಲಿ ಮಾತ್ರ ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಬರೆಸಿಕೊಂಡರು. ಹೊಳೆಯ ದಂಡೆಯ ಎರಡು ಸೀಮೆ ಆಳುವವನಿಗೂ ಉಜ್ಜಯಿನಿ ಬೇಕು! ನಗಬೇಡಿ, ಆ ಹೆಮ್ಮೆಯೇ ನಾವು ನೋಡಲು ಹೊರಟಿರುವ ಗುಡಿಯ ಬೆನ್ನಿಗೂ ನಿಂತಿದೆ.

ಚೌಡಯ್ಯದಾನಪುರವನ್ನು ಆಡುಮಾತಿನಲ್ಲಿ ಚೌಡದಾನಪುರ ಎನ್ನುತ್ತಾರೆ. ಅಲ್ಲಿನ ಮುಕ್ತೇಶ್ವರ ಗುಡಿ ದೊಡ್ಡದಲ್ಲ, ಒಂದೇ ಗರ್ಭಗುಡಿ. ಮೊದಲ ಸಲ ಹೋದಾಗ ಇಪ್ಪತ್ತು ನಿಮಿಷದಲ್ಲಿ ನೋಡಿ, ಐದು ಫೋಟೋ ತೆಗೆದು, ಮುಂದಿನ ಊರಿಗೆ ಹೊರಟುಬಿಟ್ಟಿದ್ದೆ. ಎರಡನೆಯ ಸಲ ನನ್ನ ತಾಯಿ ಜೊತೆಗಿದ್ದರು. ಅವರಿಗೆ ನಡೆಯುವುದು ಕಷ್ಟ, ಹಾಗಾಗಿ ಒಳಗೆ ಕಂಬದ ಬುಡದಲ್ಲೇ ಕುಳಿತರು. ಕುಳಿತವರು ಕಂಬದ ಮೇಲೆ ಬೆರಳು ಆಡಿಸುತ್ತ, ‘ಬಳೆಗಾರನ ಮಲಾರದ ಹಾಗಿದೆಯಲ್ಲ’ ಎಂದರು. ಬಗ್ಗಿ ನೋಡಿದೆ. ನಿಜ: ತಿರುಗಣಿಯಲ್ಲಿ ಕಡೆದ ಕಂಬಕ್ಕೆ ಒಂದರ ಮೇಲೊಂದು ಬಳೆ ತೊಡಿಸಿದಂತೆ ಸಾಲು ಸಾಲು ಸುತ್ತುಗಳು. ಒಂದು ದಪ್ಪ, ಒಂದು ಕೂದಲೆಳೆ, ನಡುವೆ ಉಗುರು ಹೋಗುವಷ್ಟು ಸಂದು. ಬಳಪದ ಕಲ್ಲು ಮೆದುವಾದದ್ದರಿಂದ ಈ ಕೆಲಸ ಸಾಧ್ಯವಾಯಿತು ಎಂದು ಓದಿದ್ದೆ. ಆದರೆ ಆ ಮೆದುತನ ಎಂಥದು ಎಂಬುದು ತಾಯಿಯ ಬೆರಳ ಹಿಂದೆ ನನ್ನ ಬೆರಳು ಆಡಿಸಿದಾಗಲೇ ತಿಳಿದದ್ದು. ಚಾಲುಕ್ಯರ ಕಾಲದ ಯಾವ ಗುಡಿಗೆ ಹೋದರೂ ಈಗ ಮೊದಲು ಕಂಬವನ್ನು ಮುಟ್ಟುತ್ತೇನೆ.

ಹೊರಗೆ ಬಂದರೆ ಗೋಡೆಯ ಮೇಲೆ ಗುಡಿಯ ಶಿಖರದ್ದೇ ಮರಿಗಳಂತೆ ಪುಟ್ಟ ಪುಟ್ಟ ಶಿಖರಗಳು. ಇಲ್ಲಿ ಸಿಕ್ಕಿರುವ ಶಾಸನಗಳು ಏಳು, ಹಳಗನ್ನಡದ ಕಾವ್ಯದ ಧಾಟಿಯವು. ನಮ್ಮ ಕಣ್ಣಿಗೆ ಅಕ್ಷರಗಳು ಮುತ್ತು ಪೋಣಿಸಿದಂತೆ ಕಾಣುತ್ತವೆಯೇ ಹೊರತು ಓದಲು ಬರುವುದಿಲ್ಲ. ಶಿವದೇವನೆಂಬ ಶರಣ 1225ರಲ್ಲಿ ಇಲ್ಲಿಗೆ ಬಂದು, ಉಳಿದ ಬದುಕನ್ನೆಲ್ಲ ಇಲ್ಲೇ ತಪಸ್ಸಿನಲ್ಲಿ ಕಳೆದದ್ದನ್ನು ಅವು ಹೇಳುತ್ತವೆ. ಬಂದವನು ಮರಳಿ ಹೋಗಲಿಲ್ಲ ಎಂಬುದು ಒಂದು ಊರಿಗೆ ಸಿಗಬಹುದಾದ ಒಳ್ಳೆಯ ಪ್ರಮಾಣಪತ್ರವೇ.

ಊರಿನ ಹೆಸರು ಮಾತ್ರ ಅಂಬಿಗರ ಚೌಡಯ್ಯನದು. 12ನೇ ಶತಮಾನದ ವಚನಕಾರ, ವೃತ್ತಿಯಿಂದ ಅಂಬಿಗ. ಬೇರೆ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಈತ ತನ್ನ ಹೆಸರನ್ನೇ ಇಟ್ಟುಕೊಂಡ. ಮಾತು ಚಾಟಿ, ಡಾಂಭಿಕರು ಕಂಡರೆ ಬಿಡುತ್ತಿರಲಿಲ್ಲ. ಅರಸ ಈ ಊರನ್ನು ಅವನಿಗೆ ದಾನವಾಗಿ ಕೊಟ್ಟನೆಂದು ಇಲ್ಲಿನವರು ಹೇಳುತ್ತಾರೆ. ಅವನ ಗದ್ದುಗೆ ಹೊಳೆಯ ದಂಡೆಯಲ್ಲೇ ಇದೆ. ಬದುಕಿಡೀ ಜನರನ್ನು ಹೊಳೆ ದಾಟಿಸಿದವನಿಗೆ ಬೇರೆ ಎಲ್ಲಿ ಜಾಗ ಮಾಡುತ್ತಾರೆ?

ಗುಡಿಯಲ್ಲಿ ಅರ್ಧ ಗಂಟೆ, ಒಂದು ಗಂಟೆ ಸಾಕು. ಉಳಿದ ಹೊತ್ತೆಲ್ಲ ದಂಡೆಗೆ. ನಮ್ಮ ಸೀಮೆಯವರು ಇದಕ್ಕೆ ಪ್ರವಾಸ ಎಂದು ಹೆಸರಿಡುವುದಕ್ಕಿಂತ ಮೊದಲೇ ಇದನ್ನು ಮಾಡುತ್ತಿದ್ದರು ಎಂಬುದನ್ನು ನಿಮ್ಮ ತಾಯಿಯವರನ್ನೇ ಕೇಳಿ ನೋಡಿ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುವುದು, ಎಳ್ಳು ಹಚ್ಚಿಕೊಂಡು ಮೀಯುವುದು, ದಂಡೆಯ ಮರದಡಿ ಕಂಬಳಿ ಹಾಸಿ ಉಣ್ಣುವುದು. ಸೀಗೆ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಅಲ್ಲೇ ಊಟ. ನೀವೂ ಬುತ್ತಿಯನ್ನೇ ಒಯ್ಯಿರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎರಡು ದಿನ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಸಂಕ್ರಾಂತಿಯ ದಿನವೇ ಹೋದರೆ ಹೊಳೆ ಕಾಣುವುದಿಲ್ಲ, ಜನ ಕಾಣುತ್ತಾರೆ. ಅದು ಕಳೆದ ಮರುವಾರ ಹೋಗಿ.

ಕಳೆದ ಸಲ ನಾವು ಉಂಡು ಕುಳಿತಿದ್ದಾಗ ದಂಡೆಯಲ್ಲಿ ಒಬ್ಬ ಹಿರಿಯರು ಹರಿಗೋಲನ್ನು ಬೋರಲು ಹಾಕಿಕೊಂಡು ರಿಪೇರಿ ಮಾಡುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿ ಎಂದುಕೊಳ್ಳಿ. ಹಿಂದೆ ಇದಕ್ಕೆ ಚರ್ಮ ಹೊದಿಸುತ್ತಿದ್ದರಂತೆ, ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಅವರು ಹರಿದ ಕಡೆ ಡಾಂಬರನ್ನು ಬೆರಳಿನಿಂದಲೇ ತೀಡಿ, ಆ ಬೆರಳನ್ನು ಮರಳಿನಲ್ಲಿ ಉಜ್ಜಿಕೊಂಡು, ಮತ್ತೆ ತೀಡುತ್ತಿದ್ದರು. ‘ದುಂಡಗಿರುವುದು ಗಿರಗಿರನೆ ತಿರುಗುವುದಿಲ್ಲವೇ ಯಜ್ಜಾ?’ ಎಂದು ಕೇಳಿದೆ. ‘ಹಿಂದೆ ಕುಳಿತು ತಳ್ಳಿದರೆ ತಿರುಗುತ್ತದೆ ತಮ್ಮಾ. ಮುಂದೆ ಕುಳಿತು ನೀರನ್ನು ನಿನ್ನ ಕಡೆಗೆ ಎಳೆದುಕೋ’ ಎಂದು, ಹುಟ್ಟನ್ನು ಗಾಳಿಯಲ್ಲೇ ಎಂಟರ ಆಕಾರದಲ್ಲಿ ಆಡಿಸಿ ತೋರಿಸಿದರು. ನನ್ನ ತಾಯಿ ಅವರ ಜೊತೆ ಒಂದು ತಾಸು ಮಳೆ, ಮೀನು, ಮೊಮ್ಮಕ್ಕಳು ಎಂದು ಮಾತಾಡಿದರು. ನಾನು ಟವೆಲ್ ಮುಖಕ್ಕೆ ಹಾಕಿಕೊಂಡು ನಿದ್ದೆ ಹೋದೆ. ನೀವು ಕೇಳಿದ ವಿಶ್ರಾಂತಿ ಎಂದರೆ ಇದೇ, ಇದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ.

ನೀರಿಗೆ ಇಳಿಯುವ ವಿಷಯದಲ್ಲಿ ಮಾತ್ರ ನಾನು ಜಿಪುಣ. ಜನವರಿಯಲ್ಲಿ ಹೊಳೆ ಇಳಿದಿರುತ್ತದೆ, ಬಂಡೆಗಳು ಕಾಣುತ್ತವೆ, ಮೊಣಕಾಲು ನೀರಿನಂತೆ ತೋರುತ್ತದೆ. ಆದರೆ ಮರಳು ತೆಗೆದ ಹೊಂಡಗಳು ನೀರಿನ ಕೆಳಗಿರುತ್ತವೆ, ಎರಡು ಹೆಜ್ಜೆಯಲ್ಲಿ ಮೊಣಕಾಲು ಹೋಗಿ ಕುತ್ತಿಗೆ ಬರುತ್ತದೆ. ಊರಿನ ಹೆಂಗಸರು ಬಟ್ಟೆ ಒಗೆಯುವ ಜಾಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸಾಕು. ಮಳೆಗಾಲದಲ್ಲಂತೂ ಕೆಂಪು ನೀರು ದಂಡೆ ಕಡಿಯುತ್ತ ಹರಿಯುತ್ತದೆ, ಆಗ ಇಳಿಯುವ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಕೂರಲಾಗುವುದಿಲ್ಲ.

ಎರಡನೆಯ ಊರು ಗಳಗನಾಥ, ಹಾವೇರಿಯಿಂದ ಸುಮಾರು 40 ಕಿಲೋಮೀಟರ್. ಸಾಗರದ ಸೀಮೆಯಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬಂದ ವರದಾ ನದಿ ಇಲ್ಲಿಯೇ ತುಂಗಭದ್ರೆಗೆ ಸೇರುತ್ತದೆ. ಸಂಗಮದ ಊರುಗಳಿಗೆಲ್ಲ ಇರುವಂತೆ ಇಲ್ಲಿಯೂ ಈಶ್ವರನ ಗುಡಿ ಇದೆ, 11ನೇ ಶತಮಾನದ್ದು. ಹೊರಗಿನಿಂದ ನೋಡಿದಾಗ ಇದು ಬೇರೆ ಗುಡಿಗಳಂತೆ ಕಾಣುವುದಿಲ್ಲ: ಗರ್ಭಗುಡಿಯ ಹೊರಗೋಡೆಗೆ ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ, ಪಿರಮಿಡ್ಡಿನ ಬುಡದಂತೆ, ದೊಡ್ಡ ಆನಿಕೆಯೊಂದನ್ನು ಒತ್ತಿ ಕಟ್ಟಿದ್ದಾರೆ. ಮುದುಕನೊಬ್ಬ ಚಳಿಗೆ ಸೊಂಟದವರೆಗೆ ಕಂಬಳಿ ಸುತ್ತಿಕೊಂಡು ಕುಳಿತ ಹಾಗೆ. ಮಕ್ಕಳು ಹತ್ತಲು ಹೋಗುತ್ತಾರೆ, ಬಿಡಬೇಡಿ. ಗಳಗನಾಥ ಎಂದೊಡನೆ ಕನ್ನಡ ಓದುವವರಿಗೆ ಮತ್ತೊಂದು ನೆನಪು: ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು ಕಾವ್ಯನಾಮವಾಗಿ ಇಟ್ಟುಕೊಂಡದ್ದು ಇದೇ ಹೆಸರನ್ನು. ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಹೊಳೆಯ ಆಚೆಯ ಸೀಮೆಯಲ್ಲಿ ಕುರುವತ್ತಿ, ಮೈಲಾರ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯ, ನುಡಿಯುವ ಜಾತ್ರೆ. ಆ ದಿನಗಳಲ್ಲಿ ಈ ಕಡೆಯ ರಸ್ತೆಗಳೆಲ್ಲ ತುಂಬಿ ಹರಿಯುತ್ತವೆ. ನಿಮಗೆ ಬೇಕಾದದ್ದು ಸದ್ದಿಲ್ಲದ ಜಾಗವಾದ್ದರಿಂದ ಪಂಚಾಂಗ ನೋಡಿಕೊಂಡು ಹೊರಡಿ.

ಇನ್ನು ಕಾಡು. ಪಶ್ಚಿಮ ಘಟ್ಟದ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಮುಖ ಸಣ್ಣದಾಗುತ್ತದೆ. ರಾಣೆಬೆನ್ನೂರಿನದು ಕುರುಚಲು ಕಾಡು: ಜಾಲಿ, ಮುಳ್ಳುಕಂಟಿ, ಹುಲ್ಲು, ನಡುನಡುವೆ ಸಾಲು ಹಿಡಿದ ನೀಲಗಿರಿ ನೆಡುತೋಪು. 1974ರಲ್ಲಿ ಘೋಷಿಸಿದ ಅಭಯಾರಣ್ಯ, 119 ಚದರ ಕಿಲೋಮೀಟರ್. ಕೃಷ್ಣಮೃಗ ಎಂದು ಫಲಕದಲ್ಲಿ ಬರೆದಿದ್ದಾರೆ. ನಮಗೆ ಅದು ಚಿಗರಿ. ಹುಬ್ಬಳ್ಳಿ ಧಾರವಾಡದ ನಡುವೆ ನಾವು ದಿನಾ ನಿಂತುಕೊಂಡು ಹೋಗುವ ಬಸ್ಸಿಗೆ ಆ ಹೆಸರು ಏಕೆ ಇಟ್ಟರೆಂದು ತಿಳಿಯಬೇಕಾದರೆ ನಿಜವಾದ ಚಿಗರಿಯನ್ನು ಒಮ್ಮೆ ನೋಡಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಅನುಮತಿ ಪಡೆದು, ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ.

ನಮಗೆ ಅಂದು ಮೊದಲು ಕಂಡದ್ದು ಹೆಣ್ಣುಗಳ ಹಿಂಡು, ಒಣಹುಲ್ಲಿನದೇ ಬಣ್ಣ, ಕಿವಿ ಅಲುಗಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಗಂಡು: ಬೆನ್ನು ಕಪ್ಪು, ಹೊಟ್ಟೆ ಸುಣ್ಣದ ಬಿಳುಪು, ಹುರಿ ಹೊಸೆದಂಥ ಕೊಂಬು. ಕಾರಿನ ಬಾಗಿಲು ಹಾಕಿದ ಸದ್ದಿಗೆ ಒಂದು ಹಾರಿತು. ಹಾರಿದ್ದು ಮುಂದಕ್ಕಲ್ಲ, ನೇರ ಮೇಲಕ್ಕೆ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು. ಅದರ ಹಿಂದೆ ಮತ್ತೊಂದು, ಮತ್ತೊಂದು. ತಾಯಿ ಕಿಟಕಿಯ ಅಂಚು ಹಿಡಿದು ಕುಳಿತಿದ್ದರು. ‘ಇವನ್ನು ಬೆದರಿಸಲು ನಿಮ್ಮಜ್ಜ ಮಂಚಿಕೆಯ ಮೇಲೆ ಕುಳಿತು ರಾತ್ರಿಯೆಲ್ಲ ಡಬ್ಬಿ ಬಡಿಯುತ್ತಿದ್ದ’ ಎಂದರು. ಅದನ್ನೂ ತಿಳಿದಿರುವುದು ಒಳ್ಳೆಯದು. ಕಾಡಿನ ಅಂಚಿನ ರೈತನಿಗೆ ಚಿಗರಿ ಎಂದರೆ ಮೊಳಕೆಯೊಡೆದ ಮೆಕ್ಕೆಜೋಳವನ್ನು ಒಂದೇ ರಾತ್ರಿಯಲ್ಲಿ ಮೇದು ಹೋಗುವ ಪ್ರಾಣಿ. ದಾರಿಯಲ್ಲಿ ಸಿಕ್ಕ ರೈತರ ಮುಂದೆ ಅದರ ಚೆಲುವನ್ನು ಹೊಗಳಿ ನಾನು ಒಮ್ಮೆ ಬೈಸಿಕೊಂಡಿದ್ದೇನೆ.

ಮರಳುವ ದಾರಿಯಲ್ಲಿ ಇನ್ನೂ ಹತ್ತು ಜಾಗಗಳಿವೆ. ಹಾವೇರಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ಗುಡಿ, ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿ ಮತ್ತು ನವಿಲುಗಳು, ಅದರ ಹತ್ತಿರವೇ ಕನಕದಾಸರು ಹುಟ್ಟಿದ ಬಾಡ. ತಾಯಿಯವರಿಗೆ ಆಯಾಸವಿಲ್ಲದಿದ್ದರೆ ಒಂದನ್ನು ಆರಿಸಿ, ಮೂರನ್ನೂ ಸೇರಿಸಬೇಡಿ. ನನ್ನನ್ನು ಕೇಳಿದರೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋಗಿ, ವರ್ಷಕ್ಕಾಗುವಷ್ಟು ಡಬ್ಬಿ ಮೆಣಸಿನಕಾಯಿ ಕೊಳ್ಳಿ. ಜನವರಿಯಲ್ಲಿ ಹೊಸ ಮಾಲು ಬರುತ್ತಿರುತ್ತದೆ. ಸುಕ್ಕು ಹೆಚ್ಚಿರುವ, ಗಿಡ್ಡ, ದಪ್ಪ ಕಾಯಿಯನ್ನು ಆರಿಸಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಮಾರುಕಟ್ಟೆಯ ಹತ್ತಿರ ಬಂದೊಡನೆ ಕಾರಿನ ಗಾಜು ಏರಿಸಿಕೊಳ್ಳಿ, ಇಲ್ಲದಿದ್ದರೆ ಹುಬ್ಬಳ್ಳಿ ಮುಟ್ಟುವವರೆಗೂ ಸೀನುತ್ತಿರುತ್ತೀರಿ.