ಟೆಸ್ಟರ್ ಉರೀಲಿಲ್ಲ ಅಂದ್ರೆ ಕರೆಂಟ್ ಇಲ್ಲ ಅಂತಾನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಸ್ವಿಚ್‌ಬೋರ್ಡ್ ಬದಲಾಯಿಸೋಕೆ ನಮ್ಮ ಯಜಮಾನ್ರು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿದ್ರು, ಉರೀಲಿಲ್ಲ. ಆಮೇಲೆ ವೈರ್ ಹಿಡಿದ್ರೆ ಶಾಕ್ ಹೊಡೀತು. ಟೆಸ್ಟರ್ ಹೊಸದೇ. ಮನೇಲಿ ಯುಪಿಎಸ್ ಇದೆ. ಹೀಗ್ಯಾಕಾಯ್ತು? (ಗೃಹಿಣಿ, ತುಮಕೂರು)

ಉತ್ತರ: ಯುಪಿಎಸ್ ಇದೆ ಅಂತ ಬರೆದದ್ದು ಒಳ್ಳೇದಾಯ್ತಮ್ಮ, ನನ್ನ ಅನುಮಾನ ಅದರ ಮೇಲೇನೇ. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ಸು ಕರೆಂಟ್ ಹೋಯ್ತು ಅಂದ್ಕೊಂಡು ಬ್ಯಾಟರಿಯಿಂದ ಸಪ್ಲೈ ಕೊಡೋಕೆ ಶುರು ಮಾಡುತ್ತೆ, ಅದೂ 230 ವೋಲ್ಟೇ, ಹೊಡೆತದಲ್ಲಿ ಏನೂ ಕಮ್ಮಿ ಇಲ್ಲ. ಟೆಸ್ಟರ್ ಯಾಕೆ ಉರೀಲಿಲ್ಲ ಅಂದ್ರೆ, ಅದು ಉರಿಯೋದು ವೈರಿಂದ ನಿಮ್ಮ ಮೈ ಮೂಲಕ ಭೂಮಿಗೆ ಚೂರು ಕರೆಂಟ್ ಹರಿದಾಗ. ಒಳಗೆ ಒಂದು ನಿಯಾನ್ ಬಲ್ಬು, ಒಂದು ಸ್ಪ್ರಿಂಗು, ಸುಮಾರು ಒಂದು ಮೆಗಾ ಓಮ್‌ನ ರೆಸಿಸ್ಟರ್ ಇರುತ್ತೆ, ಹಾಗಾಗಿ ಹರಿಯೋದು ಮಿಲಿ ಆಂಪಿಯರ್‌ನ ಕಾಲು ಭಾಗಕ್ಕಿಂತ ಕಮ್ಮಿ, ನಮಗೆ ಗೊತ್ತೇ ಆಗಲ್ಲ. ಮೇನ್ ಸ್ವಿಚ್ ಫೇಸ್ (ಕರೆಂಟ್ ತರೋ ವೈರ್) ಜೊತೆ ನ್ಯೂಟ್ರಲನ್ನೂ (ವಾಪಸ್ ಹೋಗೋ ವೈರ್) ಕಡಿಯೋ ಥರದ್ದಾಗಿದ್ರೆ, ಆಫ್ ಆದಮೇಲೆ ಯುಪಿಎಸ್ ಲೈನಿಗೂ ಭೂಮಿಗೂ ಸರಿಯಾದ ಸಂಬಂಧ ಇಲ್ಲದೆ ಹೋಗಬಹುದು, ಆಗ ಟೆಸ್ಟರ್ ಮಂಕಾಗಿ ಉರಿಯುತ್ತೆ ಇಲ್ಲಾ ಉರಿಯೋದೇ ಇಲ್ಲ, ಆದ್ರೆ ಎರಡೂ ವೈರ್ ಕೈಗೆ ತಾಗಿದ್ರೆ ಪೂರ್ತಿ 230 ವೋಲ್ಟ್ ಮೈ ಮೇಲೆ ಬರುತ್ತೆ.

ಇದಲ್ಲದೇನೂ ಟೆಸ್ಟರ್ ಮೋಸ ಮಾಡೋ ಸಂದರ್ಭ ಬೇಕಾದಷ್ಟಿದೆ. ಒಣಗಿದ ಮರದ ಸ್ಟೂಲ್ ಮೇಲೆ, ದಪ್ಪ ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಂತಿದ್ರೆ ಬೆಳಕು ತೀರಾ ಮಂಕಾಗುತ್ತೆ, ಕಿಟಕಿ ಪಕ್ಕ ಬಿಸಿಲಿದ್ರಂತೂ ಕಾಣೋದೇ ಇಲ್ಲ. ಟೆಸ್ಟರನ್ನೇ ಸ್ಕ್ರೂ ಡ್ರೈವರ್ ಮಾಡ್ಕೊಂಡು ಬಲವಾಗಿ ತಿರುಗಿಸಿ ತಿರುಗಿಸಿ ಒಳಗಿನ ಸ್ಪ್ರಿಂಗ್ ಸಡಿಲ ಆಗಿರುತ್ತೆ, ಬಾಡಿ ಸೀಳಿರುತ್ತೆ, ಇದನ್ನ ನಾನು ಎಷ್ಟೋ ಮನೇಲಿ ನೋಡಿದೀನಿ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ಮೇಲೆ ಹೀಗೆ ಮಾಡಿ. ಮೇನ್ ಜೊತೆ ಯುಪಿಎಸ್ಸನ್ನೂ ಅದರ ಸ್ವಿಚ್ಚಲ್ಲೇ ಆಫ್ ಮಾಡಿ. ಆಫ್ ಮಾಡೋಕೆ ಮುಂಚೆ ಕರೆಂಟ್ ಇದೆ ಅಂತ ಖಂಡಿತ ಗೊತ್ತಿರೋ ಸಾಕೆಟ್ಟಲ್ಲಿ ಟೆಸ್ಟರ್ ಉರಿಯುತ್ತಾ ನೋಡಿ. ಆಮೇಲೆ ಕೆಲಸದ ಜಾಗದಲ್ಲಿ ಫೇಸು, ನ್ಯೂಟ್ರಲ್ಲು ಎರಡೂ ಕಡೆ ಇಟ್ಟು ನೋಡಿ, ಮಲ್ಟಿಮೀಟರ್ ಇದ್ರೆ ಎರಡರ ನಡುವೆ ವೋಲ್ಟೇಜ್ ನೋಡೋದು ಇನ್ನೂ ನಂಬಿಕೆಯದು. ಇಷ್ಟಾದಮೇಲೂ ವೈರ್ ಬರಿಗೈಲಿ ಹಿಡಿಯೋ ಮುಂಚೆ ಆ ಟೆಸ್ಟರು, ಮಲ್ಟಿಮೀಟರು ಸರಿ ಇದೆಯಾ ಅಂತ ಗೊತ್ತಿರೋ ಸಪ್ಲೈ ಮೇಲೆ ಮತ್ತೊಮ್ಮೆ ನೋಡಿ. ಈ ಮೂರನೇ ಸಲದ್ದನ್ನ ಜನ ಬಿಟ್ಟುಬಿಡ್ತಾರೆ, ಆದ್ರೆ ನಡುವೆ ಅದು ಕೆಟ್ಟಿದ್ರೆ ತಿಳಿಯೋದು ಅದರಿಂದಾನೇ.

ಪ್ರಶ್ನೆ: ಸರ್, ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಸೇರಿದೀನಿ. ಆನ್‌ಲೈನಲ್ಲಿ ನೂರು ಸಾಮಾನಿನ ಟೂಲ್ ಕಿಟ್ ಕಮ್ಮಿ ರೇಟಿಗೆ ಬರ್ತಿದೆ, ತಗೊಳ್ಳಾ? (ವಿದ್ಯಾರ್ಥಿ, ಹಾವೇರಿ)

ಉತ್ತರ: ಬೇಡ ತಮ್ಮಾ. ಅದರಲ್ಲಿ ಎಂಬತ್ತು ಸಾಮಾನು ನೀನು ಮುಟ್ಟೋದೇ ಇಲ್ಲ, ಉಳಿದದ್ದು ಬೇಗ ಸವೆಯುತ್ತೆ. ಅದೇ ದುಡ್ಡಲ್ಲಿ 8 ಇಂಚಿನ ಒಂದು ಒಳ್ಳೇ ಕಟಿಂಗ್ ಪ್ಲೇಯರ್, ಒಂದು ವೈರ್ ಸ್ಟ್ರಿಪ್ಪರ್, ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂ ಡ್ರೈವರ್ ಎರಡೆರಡು ಸೈಜು, ಒಂದು ಟೆಸ್ಟರ್ ತಗೋ, ನೋಸ್ ಪ್ಲೇಯರ್ ಆಮೇಲೆ ನೋಡ್ಕೊಂಡ್ರಾಯ್ತು. ಪ್ಲೇಯರ್ ಅಂಗಡೀಲೇ ಕೈಯಲ್ಲಿ ಹಿಡಿದು ನೋಡು, ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಕತ್ತರಿಸೋ ಅಂಚಿನ ನಡುವೆ ಸಂದು ಕಾಣಬಾರದು. ಹಿಡಿ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಅಂತ ಇದ್ರೆ ಅದು ಐಇಸಿ 60900 ಸ್ಟ್ಯಾಂಡರ್ಡ್ ಪ್ರಕಾರ ಮಾಡಿದ್ದು ಅಂತ ಹೇಳ್ತಿದಾರೆ ಅಂತರ್ಥ, ಅದರಲ್ಲಿ 10,000 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಬೇಕು ಅಂತಿದೆ. ಗುರುತಿಲ್ಲದ ಬಣ್ಣದ ರಬ್ಬರ್ ಹಿಡಿ ಬರೀ ಗ್ರಿಪ್ಪಿಗೆ. ಗುರುತು ಇದ್ರೂನೂ ಅದು ಲೈವ್ ಲೈನಲ್ಲಿ ಕೆಲಸ ಮಾಡು ಅಂತ ಕೊಟ್ಟ ಪರ್ಮಿಷನ್ ಅಲ್ಲ, ಎಲ್ಲ ಎಚ್ಚರಿಕೆ ತಗೊಂಡಮೇಲೂ ಏನಾದ್ರೂ ತಪ್ಪಿದ್ರೆ ಕಾಪಾಡೋಕೆ ಇರೋದು.

ಸ್ಟ್ರಿಪ್ಪರ್ ಯಾಕೆ, ಹಲ್ಲಲ್ಲೇ ಸುಲೀಬಹುದಲ್ಲ ಅಂತ ಸೀನಿಯರ್‌ಗಳು ಹೇಳ್ತಾರೆ, ಕೇಳಬೇಡ. ಬ್ಲೇಡಲ್ಲಿ ಸುಲಿದ್ರೂ ಅಷ್ಟೇ, 1.5 ಸ್ಕ್ವೇರ್ ಎಂಎಂ ವೈರಲ್ಲಿ ನಾಲ್ಕು ಎಳೆ ಕಟ್ಟಾಗಿ ಹೋದ್ರೆ ಆ ಜಾಗದಲ್ಲಿ ತಾಮ್ರ ಕಮ್ಮಿಯಾಗಿ ಬಿಸಿಯಾಗುತ್ತೆ, ವರ್ಷ ಕಳೆದಮೇಲೆ ಟರ್ಮಿನಲ್ ಕಪ್ಪಾಗಿ ವಾಸನೆ ಬರೋದು ಅಲ್ಲಿಂದಾನೇ.

ಪ್ರಶ್ನೆ: ಬೋರ್‌ವೆಲ್ ಸ್ಟಾರ್ಟರ್ ಬಾಕ್ಸಲ್ಲಿ ಯಾವ ಫೇಸ್ ಹೋಗಿದೆ ಅಂತ ನೋಡೋಕೆ ಮಲ್ಟಿಮೀಟರ್ ತಗೋಬೇಕು ಅಂತಿದೀನಿ. ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸೂ ನಾವೇ ಹಾಕ್ಕೋತೀವಿ, ಅದಕ್ಕೆ ಯಾವ ಪ್ಲೇಯರ್ ಒಳ್ಳೇದು? (ರೈತರು, ಚಿತ್ರದುರ್ಗ)

ಉತ್ತರ: ಟಿಸಿ ಫ್ಯೂಸಿಗೆ ಯಾವ ಪ್ಲೇಯರೂ ಒಳ್ಳೇದಲ್ಲ ಅಣ್ಣಾ, ದಯವಿಟ್ಟು ಅಲ್ಲಿಗೆ ಕೈ ಹಾಕಬೇಡಿ. ಮೇಲೆ 11 ಕೆವಿ ಲೈನ್ ಇದೆ, 1000 ವೋಲ್ಟಿನ ಹಿಡಿ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಪವರ್‌ಮ್ಯಾನ್‌ಗೆ ಹೇಳಿ, ಇಲ್ಲ 1912ಕ್ಕೆ ಫೋನ್ ಮಾಡಿ, ಒಂದು ದಿನ ನೀರು ತಡ ಆಗ್ಲಿ ಪರವಾಗಿಲ್ಲ.

ಮಲ್ಟಿಮೀಟರ್ ಮೇಲೆ ಕ್ಯಾಟ್ 3 (CAT III, ಮೀಟರಿನ ಸುರಕ್ಷತೆಯ ದರ್ಜೆ), 600 ವೋಲ್ಟ್ ಅಂತ ಇರಬೇಕು, ಪ್ರೋಬ್ ವೈರ್ ಮೇಲೂ ಅದೇ ಇರಬೇಕು. ಕೆಂಪು ವೈರ್ 10 ಆಂಪಿಯರ್ ತೂತಲ್ಲಿಟ್ಟು ವೋಲ್ಟೇಜ್ ನೋಡೋಕೆ ಹೋದ್ರೆ ನೇರ ಶಾರ್ಟ್ ಆಗುತ್ತೆ, ಕೈಯಲ್ಲೇ ಸಿಡೀಬಹುದು. ನೋಡಬೇಕಾದದ್ದು ಮೋಟಾರ್ ಆಫ್ ಇದ್ದಾಗ, ಸ್ಟಾರ್ಟರಿಗೆ ಬರೋ ಕಡೆ, ಎರಡೆರಡು ಫೇಸ್ ನಡುವೆ ಸುಮಾರು 415 ಬರಬೇಕು. ಮೋಟಾರ್ ಓಡ್ತಿದ್ರೆ ಹೋದ ಫೇಸಿಗೂ ವೈಂಡಿಂಗ್ ಮೂಲಕ ವೋಲ್ಟೇಜ್ ಬಂದು ಎಲ್ಲ ಸರಿ ಇದೆ ಅನ್ನಿಸುತ್ತೆ. ಎರಡು ಫೇಸಲ್ಲಿ ಓಡಿಸೋಕೆ ಕಂಡೆನ್ಸರ್ ಹಾಕಿದ್ರಂತೂ ಲೈನ್ ಆಫ್ ಆದಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ, ಸ್ಕ್ರೂ ಡ್ರೈವರಲ್ಲಿ ಕಿಡಿ ಹಾರಿಸಿ ಇಳಿಸೋ ಅಭ್ಯಾಸ ಬಿಡಿ. ಹಳೇ ಫಿಲಮೆಂಟ್ ಬಲ್ಬ್ ಎರಡನ್ನ ಸೀರೀಸಲ್ಲಿ ಜೋಡಿಸಿದ ಟೆಸ್ಟ್ ಲ್ಯಾಂಪ್ ಹಿಡಿದು ಚಾರ್ಜ್ ಇಳಿಸಿ, ಆಮೇಲೆ ಮೀಟರಲ್ಲಿ ಸೊನ್ನೆ ಬಂದದ್ದು ನೋಡಿ ಮುಟ್ಟಿ. ಇದು ಗೊತ್ತಿಲ್ಲದಿದ್ರೆ ಎಲೆಕ್ಟ್ರಿಷಿಯನ್ ಕರೆಸೋದೇ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ಪ್ಲೇಯರ್ ಎಲ್ಲ ತುಕ್ಕು ಹಿಡಿಯುತ್ತೆ, ಹಿಡಿಯ ಪ್ಲಾಸ್ಟಿಕ್ಕೂ ಬಿರುಕು ಬಿಟ್ಟಿದೆ, ಟೇಪ್ ಸುತ್ತಿದ್ರೆ ಸಾಕಾ? (ವೈರ್‌ಮನ್, ಉಡುಪಿ)

ಉತ್ತರ: ಸಾಕಾಗಲ್ಲ. ಬಿರುಕಲ್ಲಿ ಬೆವರು, ನೀರು ಇಳಿದಿರುತ್ತೆ, ಟೇಪ್ ಅದನ್ನ ಮುಚ್ಚುತ್ತೆ ಅಷ್ಟೇ, ಕರೆಂಟಿನ ಕೆಲಸದಿಂದ ಅದನ್ನ ತೆಗೆದುಹಾಕಿ. ಒಳಗೊಂದು ಹೊರಗೊಂದು ಬಣ್ಣದ ಹಿಡಿ ಇರೋದು ಸಿಗುತ್ತೆ, ಒಳಗಿನ ಬಣ್ಣ ಕಂಡ್ರೆ ಮುಗೀತು ಅಂತ ತಿಳೀಬಹುದು. ತುಕ್ಕಿಗೆ, ಕೆಲಸ ಮುಗಿದ ತಕ್ಷಣ ಒಣ ಬಟ್ಟೇಲಿ ಒರೆಸಿ, ಕೀಲಿಗೆ ಒಂದು ಹನಿ ಮಿಷನ್ ಆಯಿಲ್ ಬಿಟ್ಟು ನಾಲ್ಕು ಸಲ ತೆಗೆದು ಮುಚ್ಚಿ, ಹಿಡಿ ಮೇಲೆ ಎಣ್ಣೆ ಉಳಿಸಬೇಡಿ. ಪೆಟ್ರೋಲು, ಥಿನ್ನರಲ್ಲಿ ತೊಳೆಯಬೇಡಿ, ಪ್ಲಾಸ್ಟಿಕ್ ಹಾಳಾಗುತ್ತೆ. ಒದ್ದೆ ಬ್ಯಾಗಲ್ಲಿ ರಾತ್ರಿಯಿಡೀ ಬಿಡದೆ ಗಾಳಿಯಾಡೋ ಒಣ ಜಾಗದಲ್ಲಿ ಹರಡಿಡಿ. ಕತ್ತರಿಸೋ ಅಂಚಲ್ಲಿ ಸುಟ್ಟ ಗುಳಿ ಬಿದ್ದಿದ್ರೆ ಯಾರೋ ಅದರಲ್ಲಿ ಲೈವ್ ವೈರ್ ಕಟ್ ಮಾಡಿದಾರೆ ಅಂತ ಅನುಮಾನ ಪಡಿ, ಜೊತೆಗೆ ಕೆಲಸ ಮಾಡೋ ಹುಡುಗರ ಹತ್ರ ಅದನ್ನ ಕೇಳಿ ತಿಳ್ಕೊಳ್ಳಿ.