ಕಪಾಳಕ್ಕೆ ನಿಜವಾಗಿ ಹೊಡೆಯಬೇಕೇ?

ಗದಗಿನ ಓದುಗರೊಬ್ಬರ ಪತ್ರ: ‘ದಿ ಗರ್ಲ್’ ಚಿತ್ರ ನೋಡಿದ ಮೇಲೆ, ನಾಯಕಿಯ ಹುಚ್ಚು ಹಿಡಿದ ನಿರ್ದೇಶಕನೊಬ್ಬನ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಬೆಟಗೇರಿಯ ಹಳೇ ಮನೆಯಲ್ಲಿ ಶೂಟಿಂಗ್. ಕಪಾಳಕ್ಕೆ ನಿಜವಾಗಿ ಹೊಡೆಯದಿದ್ದರೆ ದೃಶ್ಯಕ್ಕೆ ಜೀವ ಬರುವುದಿಲ್ಲ ಎಂದು ನಮ್ಮ ನಿರ್ದೇಶಕರ ಹಟ. ನೀವೇನಂತೀರಿ?

ಸಂಪಾದಕರ ಉತ್ತರ: ಹೊಡೆಯಬೇಡಿ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ನಾಯಕಿ ಟಿಪ್ಪಿ ಹೆಡ್ರೆನ್ ಅವರನ್ನು ಕಾಡಿದ ಕಥೆ ಹೇಳುವ 2012ರ ಆ ಚಿತ್ರ ನಿಂತಿರುವುದು ಹೆಚ್ಚಾಗಿ ಆ ನಟಿಯೇ ಹೇಳಿದ ಸಂಗತಿಗಳ ಮೇಲೆ. ಹಿಚ್‌ಕಾಕ್ 1980ರಲ್ಲೇ ತೀರಿಕೊಂಡಿದ್ದರು. ಅವರೊಡನೆ ದುಡಿದ ಕೆಲವರು ಆ ಚಿತ್ರಣವನ್ನು ಒಪ್ಪಲಿಲ್ಲ. ಆದರೆ ‘ದಿ ಬರ್ಡ್ಸ್’ (1963) ಚಿತ್ರದ ಅಟ್ಟದ ದೃಶ್ಯಕ್ಕಾಗಿ ಜೀವಂತ ಹಕ್ಕಿಗಳನ್ನು ದಿನಗಟ್ಟಲೆ ಹೆಡ್ರೆನ್ ಮೇಲೆ ಎಸೆದದ್ದು, ಕಣ್ಣಿನ ಹತ್ತಿರವೇ ಗಾಯವಾದದ್ದು ನಡೆದ ಸಂಗತಿ. ಅದಕ್ಕೂ ಮೊದಲು ಇದೇ ಹಿಚ್‌ಕಾಕ್ ‘ಸೈಕೋ’ (1960) ಚಿತ್ರದ ಬಚ್ಚಲಮನೆ ಕೊಲೆಯನ್ನು 7 ದಿನ ಬಿಡಿಬಿಡಿಯಾಗಿ ತೆಗೆದು, ಸುಮಾರು 45 ಸೆಕೆಂಡಿಗೆ ಜೋಡಿಸಿದ್ದರು. ರಕ್ತ ಚಾಕೊಲೇಟ್ ಪಾಕ, ಇರಿತದ ಸದ್ದು ಕರಬೂಜ ಜಾತಿಯ ಹಣ್ಣಿನದು. ನೋಯಿಸದೆ ಹಿಂಸೆ ತೋರಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ಹಾಗಿರುವಾಗ ಆ ಹಕ್ಕಿಗಳ ಹಿಂಸೆ ಕಲೆಗೆ ಬೇಕಿತ್ತು ಎಂಬ ಮಾತನ್ನು ನಾನು ಒಪ್ಪಲಾರೆ.

ನಿಜದ ಏಟಿನಿಂದ ಕೆಲಸವೂ ಕೆಡುತ್ತದೆ. ಎರಡನೇ ಟೇಕಿಗೆ ಕೈ ಎತ್ತಿದೊಡನೆ ಏಟು ತಿನ್ನುವ ನಟಿ ಕಣ್ಣು ಮುಚ್ಚುತ್ತಾಳೆ. ಕೆಂಪಾದ ಕೆನ್ನೆ ಮುಂದಿನ ಶಾಟಿಗೆ ಹೊಂದುವುದಿಲ್ಲ. ಕ್ಯಾಮೆರಾವನ್ನು ಹೊಡೆಯುವವನ ಹೆಗಲ ಹಿಂದೆ ಇಡಿ. ಕೈ ಆಕೆಯ ಮುಖದಿಂದ ಒಂದಡಿ ದೂರದಲ್ಲಿ ಅಡ್ಡ ಹಾಯಲಿ, ಅದೇ ಕ್ಷಣಕ್ಕೆ ಆಕೆ ತಲೆ ತಿರುಗಿಸಲಿ. ಪಕ್ಕದಿಂದ ತೆಗೆದರೆ ನಡುವಿನ ಜಾಗ ಕಂಡುಬಿಡುತ್ತದೆ. ಮೊದಲು ನಿಧಾನವಾಗಿ ತಾಲೀಮು ಮಾಡಿ, ಆಮೇಲೆ ವೇಗ ಹೆಚ್ಚಿಸಿ. ಸದ್ದನ್ನು ಎಡಿಟಿಂಗಿನಲ್ಲಿ ಸೇರಿಸಿ. ಒಂದೆರಡು ಫ್ರೇಮ್ ತಡವಾದರೂ ಸುಳ್ಳು ಎದ್ದು ಕಾಣುತ್ತದೆ. ಕಣ್ಣೀರಿಗಾಗಿ ಬಳಸುವ ಗ್ಲಿಸರಿನ್ ಕಣ್ಣೊಳಗೆ ಬೇಡ, ರೆಪ್ಪೆಯ ಕೆಳಗೆ ಒಂದು ಹನಿ ಸಾಕು.

ನೀವು ಕೇಳದಿದ್ದರೂ ಇನ್ನೊಂದು ಮಾತು. ನಿಮ್ಮ ಕಥೆಯ ನಿರ್ದೇಶಕನ ಹುಚ್ಚನ್ನು ತೋರಿಸಬೇಕಾದದ್ದು ಏಟಿಗಿಂತ ನೋಟದಲ್ಲಿ. ಪಡಸಾಲೆಯಲ್ಲಿ ನಿಂತು, ಕೋಣೆಯ ಬಾಗಿಲ ಚೌಕಟ್ಟಿನ ಮೂಲಕ, ಎಂಟಡಿ ದೂರದಿಂದ, ದೂರದ್ದನ್ನು ಹತ್ತಿರ ತೋರಿಸುವ 85 ಎಂ.ಎಂ. ಲೆನ್ಸಿನಲ್ಲಿ ತೆಗೆಯಿರಿ. ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾ ಆದರೆ 50 ಎಂ.ಎಂ. ಸಾಕು. ಕದ್ದು ನೋಡುವ ಭಾವ ತಾನಾಗಿ ಬರುತ್ತದೆ. ಆದರೆ ಇಡೀ ಚಿತ್ರ ಹೀಗೇ ಸಾಗಿದರೆ ಪ್ರೇಕ್ಷಕನೂ ಆ ನಿರ್ದೇಶಕನ ಕಣ್ಣಿಂದಲೇ ಆಕೆಯನ್ನು ನೋಡತೊಡಗುತ್ತಾನೆ. ಅರ್ಧ ದಾರಿಯಲ್ಲಾದರೂ ಕ್ಯಾಮೆರಾ ಆಕೆಯ ಪಕ್ಕಕ್ಕೆ ಹೋಗಲಿ: ಅಗಲವಾಗಿ ತೋರಿಸುವ 35 ಎಂ.ಎಂ. ಲೆನ್ಸ್, ಆಕೆಯ ಕಣ್ಣಿನ ಎತ್ತರ, ಬಾಗಿಲಲ್ಲಿ ನಿಂತ ಆತ ಆಕೆಗೆ ಕಂಡ ಹಾಗೆ.